ಹರಳಮ್ಮ ತೊಳೆದು ಕಳೆದದ್ದು

ಹರಳಮ್ಮ ತೊಳೆದಿಟ್ಟ ಗಾಜಿನ ಲೋಟವನ್ನು ಜನ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಲೋಟ ಇದೆಯೋ ಬರೀ ನೀರೇ ನಿಂತಿದೆಯೋ ಎಂದು. ಆ ಕೈಗುಣ ತಾಯಿಯಿಂದ ಬಂದದ್ದು. ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಕ್ಕಳನ್ನು ಓದಿಸಿದವಳು ಆ ತಾಯಿ. "ಕೊಳೆ ಇದ್ದ ಕಡೆ ದೇವರು ಕೂರೋದಿಲ್ಲ ಮಗಳೇ" ಎನ್ನುತ್ತಲೇ ಪಾತ್ರೆಯ ತಳವನ್ನು ಇನ್ನೊಂದು ಸಲ ತಿಕ್ಕುತ್ತಿದ್ದಳು. ಮಗಳು ಅದನ್ನು ದೇವರೇ ಹೇಳಿದ ಮಾತೆಂದು ನಂಬಿದಳು. ನಂಬಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಎಲ್ಲಿಗೆ ತಂದು ಹೊಂದಿಸಬಾರದು ಎಂಬುದು ತಿಳಿಯುವಷ್ಟರಲ್ಲಿ ಅವಳ ತಲೆಗೂದಲು ನೆರೆತಿತ್ತು.

ವಿಜ್ಞಾನದಲ್ಲಿ ಪದವಿ ಮುಗಿಸಿದ ಮೇಲೆ ಅವಳಿಗೆ ಸಿಕ್ಕ ಕೆಲಸ ಒಂದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಗಾಜಿನ ಸಾಮಾನು ತೊಳೆಯುವುದು. ಓದಿದವಳಿಗೆ ಇದೇನು ಗತಿ ಎಂದು ನೆಂಟರು ಮೂಗು ಮುರಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಮೇಲಿನ ಮಹಡಿಯಿಂದ ಮೇಷ್ಟ್ರೊಬ್ಬರು ಕೈಯಲ್ಲಿ ಬೀಕರು ಹಿಡಿದುಕೊಂಡು ಇಳಿದು ಬಂದರು. ಉದ್ದನೆಯ ಆಸಾಮಿ, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಇದನ್ನ ತೊಳೆದಿದ್ದು ಯಾರು?"

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ನಾನು ಸರ್. ಏನಾದ್ರೂ ಉಳಿದಿತ್ತಾ?"

"ಏನೂ ಉಳಿದಿರಲಿಲ್ಲ. ಅದಕ್ಕೇ ಕೇಳ್ತಿರೋದು. ಹರಳು ಬೆಳೆಸ್ತೀಯಾ?"

"ನನಗೆ ಬರೋದಿಲ್ಲ ಸರ್."

"ತೊಳೆಯೋಕೆ ಬರುತ್ತಲ್ಲ, ಸಾಕು. ಮಿಕ್ಕಿದ್ದನ್ನ ಹರಳೇ ನೋಡ್ಕೊಳ್ಳುತ್ತೆ."

ಹೀಗೆ ಅವಳು ಹರಳಮ್ಮನಾದಳು. ತಾಮ್ರ ಸೇರಿದ ಒಂದು ಬಗೆಯ ಉಪ್ಪು, ನೀಲಿ ಹಸಿರು ಬಣ್ಣದ್ದು. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಅಗಲವಾದ ತಟ್ಟೆಗೆ ಹುಯ್ದು, ಮೇಲೆ ತೂತು ಮಾಡಿದ ಕಾಗದ ಮುಚ್ಚಿ, ಅಲುಗಾಡದ ಮೂಲೆಯಲ್ಲಿ ಇಡಬೇಕು. ನೀರು ಆರುತ್ತ ಆರುತ್ತ ತಳದಲ್ಲಿ ಸಾಸಿವೆಯಷ್ಟು ಹರಳು ಮೂಡುತ್ತದೆ. ಅದರಲ್ಲಿ ಅಂದವಾದದ್ದನ್ನು ಆರಿಸಿ, ತಲೆಗೂದಲಿನಲ್ಲಿ ಕಟ್ಟಿ, ಹೊಸ ದ್ರಾವಣದಲ್ಲಿ ಇಳಿಬಿಡಬೇಕು. ವಾರಗಟ್ಟಲೆ ಕಾದರೆ ಉಗುರಿನಷ್ಟು ಬೆಳೆಯುತ್ತದೆ. ನೂಲಾದರೆ ಎಳೆ ಉದುರುತ್ತದೆ ಎಂದು ಕೂದಲನ್ನೇ ಕಟ್ಟುವುದು ಅವಳ ಪದ್ಧತಿ. ಮೊದಮೊದಲ ಹರಳುಗಳು ಕಪ್ಪು ಕೂದಲಿನಲ್ಲಿ ತೂಗಿದವು, ಕೊನೆಯವು ಬಿಳಿಯದರಲ್ಲಿ.

ಮೇಷ್ಟ್ರಿಗೆ ಆ ಹರಳು ಯಾಕೆ ಬೇಕಿತ್ತು ಎಂಬುದನ್ನು ಅವಳು ನಿಧಾನವಾಗಿ ಕಲಿತಳು. ಹರಳಿನೊಳಗೆ ತಾಮ್ರದ ಪರಮಾಣುಗಳು ಒಂದರ ಪಕ್ಕ ಒಂದು ಉದ್ದ ಸಾಲಾಗಿ ನಿಂತಿರುತ್ತವೆ. ಒಂದೊಂದರಲ್ಲೂ ದಿಕ್ಸೂಚಿಯ ಮುಳ್ಳಿನಂಥದೊಂದು ಗುಣ, ಅದಕ್ಕೆ ಸ್ಪಿನ್ ಎನ್ನುತ್ತಾರೆ. ಹರಳನ್ನು ಲೋಕದಲ್ಲಿ ಎಲ್ಲೂ ಇಲ್ಲದಷ್ಟು ತಣ್ಣಗೆ ಮಾಡಿದರೆ ಈ ಮುಳ್ಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಮೇಲೆ ಒಂದನ್ನೇ ಹಿಡಿದು ನೀನು ಯಾವ ಕಡೆ ಎಂದು ಕೇಳಿದರೆ ಅದರ ಹತ್ತಿರ ಉತ್ತರವಿಲ್ಲ; ಜೊತೆಯದನ್ನೂ ಸೇರಿಸಿ ಕೇಳಿದರೆ ಮಾತ್ರ ಇದೆ. ಸುತ್ತಲಿನ ಕಾಂತಕ್ಷೇತ್ರವನ್ನು ಹಠಾತ್ತನೆ ಬದಲಿಸಿದರೆ ಈ ಹೆಣಿಗೆ ಸಡಿಲವಾಗಿ, ಬಿಚ್ಚಿ, ಸತ್ತುಹೋಗುತ್ತದೆ. ಅಲ್ಲಿಯವರೆಗೆ ಎಲ್ಲರೂ ಒಪ್ಪಿದ ಮಾತು. ಮೇಷ್ಟ್ರ ಮಾತು ಅಲ್ಲಿಂದ ಮುಂದಿನದು. ಒಂದು ನಿರ್ದಿಷ್ಟ ಕ್ಷೇತ್ರದಲ್ಲಿ, ರೆಪ್ಪೆ ಮಿಟುಕಿಸುವುದಕ್ಕಿಂತ ಬಹಳ ಬೇಗ, ಸತ್ತ ಹೆಣಿಗೆ ತಾನಾಗಿಯೇ ಮರಳಿ ಕೂಡಿಕೊಳ್ಳುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದ್ದರು. ಅದಕ್ಕೆ ಅವರಿಟ್ಟ ಹೆಸರು ಮರುಜೀವ.

ಹೆಣಿಗೆ ಕಣ್ಣಿಗೆ ಕಾಣುವ ವಸ್ತುವಲ್ಲ. ಹರಳಿನ ಸುತ್ತ ಕೂದಲೆಳೆಯಂಥ ತಂತಿಯ ಸುರುಳಿ ಸುತ್ತಿ, ಅದರಲ್ಲಿ ಹುಟ್ಟುವ ಮಿಣುಕು ವಿದ್ಯುತ್ತನ್ನು ಪರದೆಯ ಮೇಲೆ ಗೆರೆಯಾಗಿ ಮೂಡಿಸಿ, ಅದರ ಏರಿಳಿತದಿಂದ ಹೆಣಿಗೆ ಇದೆಯೋ ಇಲ್ಲವೋ ಎಂದು ಲೆಕ್ಕ ಹಾಕಬೇಕು. ಹರಳಮ್ಮನ ಮೊಟ್ಟಮೊದಲ ಹರಳು, ಒಳಗೆಲ್ಲ ಮಬ್ಬು ತುಂಬಿದ್ದು, ಆ ಕಾಂತಕ್ಷೇತ್ರ ಹುಟ್ಟಿಸುವ ಮ್ಯಾಗ್ನೆಟ್ಟಿನೊಳಗೆ ಇಳಿದ ದಿನ ಆ ಗೆರೆ ಬಿದ್ದು, ಮಲಗಿ, ಆಮೇಲೆ ಮೆಲ್ಲಗೆ ಎದ್ದಿತು. ಪುಟ್ಟ ಗುಡ್ಡದ ಹಾಗೆ. ಮೇಷ್ಟ್ರು ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದರು.

"ಈ ಮಬ್ಬು ಹರಳಿನಲ್ಲೇ ಇಷ್ಟು ಬಂದರೆ, ತಿಳಿಯಾದದ್ದರಲ್ಲಿ ಎಷ್ಟು ಬರಬಹುದು ಯೋಚಿಸು" ಎಂದರು. "ಕೊಳೆ ಹೆಣಿಗೆಯ ಶತ್ರು ಕಣಮ್ಮ. ಒಂದೊಂದು ಕೊಳೆಯ ಕಣ ಹೋದಂತೆಲ್ಲ ಗುಡ್ಡ ಎತ್ತರ ಆಗಬೇಕು."

ಹರಳಮ್ಮನಿಗೆ ಅದು ಹೊಸ ಮಾತೇ ಅಲ್ಲ. ತಾಯಿ ಹೇಳಿದ್ದನ್ನೇ ಮೇಷ್ಟ್ರು ಬೇರೆ ಭಾಷೆಯಲ್ಲಿ ಹೇಳಿದಂತಿತ್ತು.

ಅಲ್ಲಿಂದ ಅವಳು ತೊಳೆಯತೊಡಗಿದಳು. ಒಂದು ಸಲ ಬೆಳೆದ ಹರಳನ್ನು ಪುಡಿಮಾಡಿ, ಮತ್ತೆ ಕರಗಿಸಿ, ಮತ್ತೆ ಸೋಸಿ, ತಳದಲ್ಲಿ ಉಳಿದ ಕೊಳಕು ಗಷ್ಟವನ್ನು ಒಂದು ಜಾಡಿಗೆ ಕೆರೆದುಹಾಕಿ, ತಿಳಿಯಾದದ್ದರಿಂದ ಮತ್ತೊಂದು ಹರಳು ಬೆಳೆಸುವುದು. ಮೊದಲ ಮಬ್ಬು ಹರಳೂ ಹಾಗೇ ಕರಗಿಹೋಯಿತು. ಎರಡನೇ ಸಲ ಗುಡ್ಡ ಸ್ವಲ್ಪ ತಗ್ಗಾಗಿ ಬಂತು. ಸುರುಳಿ ಹಳೆಯದಾಯಿತು ಎಂದು ಹೊಸದು ಸುತ್ತಿದರು. ಅದರ ಮುಂದಿನ ಸಲ ಇನ್ನೂ ತಗ್ಗು. ತಣ್ಣಗಾದದ್ದು ಸಾಲದು ಎಂದು ಪಂಪು ಬದಲಿಸಿದರು. ಹೊರಗಿನ ವಿದ್ಯುತ್ತಿನ ಗದ್ದಲ ಗೆರೆಯನ್ನು ಕೆಡಿಸುತ್ತದೆ ಎಂದು ಕೋಣೆಗೆಲ್ಲ ತಾಮ್ರದ ಜಾಲರಿ ಹೊಡೆಸಿದರು. ಗೆರೆಯ ಮೇಲಿನ ಗದ್ದಲ ಇಳಿಯಿತು, ಜೊತೆಗೆ ಗುಡ್ಡವೂ ಇಳಿಯಿತು. "ಇನ್ನೂ ಕೊಳೆ ಇದೆ" ಎಂದರು ಮೇಷ್ಟ್ರು. ಇರಬಹುದು ಎನಿಸಿತು ಅವಳಿಗೂ. ತೊಳೆದ ಕೈಗೆ ತೊಳೆದಷ್ಟೂ ಕೊಳೆ ಕಾಣುತ್ತದೆ.

ವರ್ಷಗಳು ಹೀಗೇ ಹೋದವು. ಅವಳ ಹೆಸರಿನಲ್ಲಿ ಸಂಶೋಧನಾ ಪದವಿಗೆ ನೋಂದಣಿಯಾಯಿತು. ಶುದ್ಧ ಹರಳಿನಲ್ಲಿ ಮರುಜೀವ ತೋರಿಸಿದ ದಿನ ಪ್ರಬಂಧ ಬರೆಯುವುದು ಎಂದು ಮಾತಾಗಿತ್ತು, ಆ ದಿನ ಬರಲೇ ಇಲ್ಲ. ಮದುವೆಯ ಮಾತು ಬಂದಾಗಲೆಲ್ಲ ಈ ಹರಳೊಂದು ಮುಗಿಯಲಿ ಎನ್ನುತ್ತಿದ್ದಳು. ಕೇಳುವವರೂ ಸಾಕಾಗಿ ಬಿಟ್ಟರು. ಅಣ್ಣ ಅತ್ತಿಗೆಯ ಮನೆಯಲ್ಲಿ, ಅಡುಗೆಮನೆಗೆ ಅಂಟಿದ ಸಣ್ಣ ಕೋಣೆಯಲ್ಲಿ ಅವಳ ವಾಸ. ಅಣ್ಣ ಬಸ್ಸಿನ ಚಾಲಕ. ಮನೆಗೆ ಬಂದರೆ ಊಟ, ನಿದ್ದೆ, ಇಷ್ಟೇ. ಮಾತೆಲ್ಲ ಅತ್ತಿಗೆಯದು.

"ಏನಂತು ನಿನ್ನ ಕಲ್ಲು?" ಎಂದು ಸಂಜೆ ಸಂಜೆ ಕೇಳುವುದು ಅತ್ತಿಗೆಯ ವಾಡಿಕೆ.

"ಇನ್ನೂ ಏನೂ ಅಂದಿಲ್ಲ ಅತ್ತಿಗೆ."

"ಮೂಗಿ ಇರಬೇಕು. ಬೇರೆ ಕಲ್ಲು ನೋಡ್ಬಾರ್ದಾ? ಗಂಡು ನೋಡೋದಂತೂ ಬಿಟ್ಟೆ." ಆಮೇಲೆ ತಟ್ಟೆ ಮುಂದಿಡುತ್ತ, "ಹೊಳೇಲಿ ಹುಣಸೆಹಣ್ಣು ಕಿವುಚೋಳು ಕಣೆ ನೀನು. ಉಣ್ಣು, ಆರಿಹೋಗುತ್ತೆ" ಎನ್ನುವಳು. ಬೈಗುಳದ ಕೊನೆಗೆ ಅನ್ನ ಬಡಿಸುವ ಹೆಂಗಸು ಅತ್ತಿಗೆ. ಆದ್ದರಿಂದ ಹರಳಮ್ಮ ಆ ಮಾತುಗಳನ್ನು ಉಪ್ಪಿನಕಾಯಿಯ ಹಾಗೆ ನೆಂಚಿಕೊಂಡು ಉಣ್ಣುತ್ತಿದ್ದಳು.

ಸಂಶೋಧನಾಲಯದಲ್ಲಿ ಅವಳಿಗೆ ಮಾತಿನ ಜೊತೆ ಎಂದರೆ ಪಂಪಣ್ಣ. ಗಾಳಿ ಎಳೆಯುವ ಪಂಪುಗಳನ್ನೂ ಹೀಲಿಯಂ ತುಂಬುವುದನ್ನೂ ನೋಡಿಕೊಳ್ಳುವವನು. ಮ್ಯಾಗ್ನೆಟ್ಟಿನ ಕೋಣೆಗೆ ಕಬ್ಬಿಣ ಒಯ್ಯುವಂತಿಲ್ಲವಾದ್ದರಿಂದ ಅವನು ಬೆಲ್ಟಿನ ಬದಲು ಹಗ್ಗ ಬಿಗಿದುಕೊಳ್ಳುತ್ತಿದ್ದ. ಆ ಮ್ಯಾಗ್ನೆಟ್ಟು ಕಾಂತಕ್ಕೆ ಅಂಟದ ಉಕ್ಕಿನ ಆಳೆತ್ತರದ ಹಂಡೆ. ಅದರ ಹೊಟ್ಟೆಯಲ್ಲಿ ದ್ರವ ಹೀಲಿಯಂ, ಹೀಲಿಯಮ್ಮಿನಲ್ಲಿ ಮುಳುಗಿದ ತಂತಿಯ ಸುರುಳಿ. ಹೀಲಿಯಂ ಇರುವವರೆಗೆ ಮಾತ್ರ ಅದರ ಬಲ. "ಇದೂ ನನ್ನ ಹಾಗೇ ತಂಗೀ" ಎನ್ನುತ್ತಿದ್ದ ಪಂಪಣ್ಣ, "ಹೊಟ್ಟೆ ತಣ್ಣಗಿದ್ರೆ ಕೆಲಸ ಮಾಡುತ್ತೆ, ಇಲ್ಲದಿದ್ರೆ ಬರೀ ಹಂಡೆ."

ಮೇಷ್ಟ್ರು ನಿವೃತ್ತರಾದರು. ಆದರೂ ದಿನಾ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ಬೆಳಗ್ಗೆ ಬರಲಿಲ್ಲ. ಬಚ್ಚಲುಮನೆಯಲ್ಲಿ ಬಿದ್ದರಂತೆ, ಎಡಭಾಗ ಸ್ವಾಧೀನ ತಪ್ಪಿತಂತೆ. ಮಾತು ಮಾತ್ರ ಉಳಿದಿತ್ತು. ಹರಳಮ್ಮ ಕೆಲಸ ಮುಗಿಸಿ ಮನೆಗೆ ಹೋಗುವ ಮುಂಚೆ ಅವರನ್ನು ನೋಡಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡಳು. ಮಂಚದ ಪಕ್ಕ ಕೂತು, ತಟ್ಟೆಯಲ್ಲಿ ಹರಳು ಎಷ್ಟು ಬೆಳೆಯಿತು ಎಂದು ಹೇಳುವುದು. ಅವರು ಕಣ್ಣು ಮುಚ್ಚಿಕೊಂಡು ಕೇಳುವುದು. ಅವರ ಹೆಂಡತಿ, ಹರಳಮ್ಮ ‘ಅಮ್ಮ’ ಎಂದು ಕರೆಯುವ ಆಕೆ, ಬಾಗಿಲಿಗೆ ಒರಗಿ ನಿಂತಿರುತ್ತಿದ್ದರು. "ನೀನು ಬಂದು ಹೋದ ದಿನ ಒಂದು ತುತ್ತು ಜಾಸ್ತಿ ತಿಂತಾರೆ" ಎಂದು ಒಮ್ಮೆ ಹೇಳಿದರು.

ಆ ವರ್ಷವೇ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದರು. ಹೊಸಬರೇನಲ್ಲ, ವಿದ್ಯಾರ್ಥಿನಿಯಾಗಿದ್ದಾಗ ಹರಳಮ್ಮನ ಪಕ್ಕದ ಮೇಜಿನಲ್ಲಿ ಕೂತು, ಅವಳ ಡಬ್ಬಿಯಿಂದ ತಿಂದು, ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ ಹುಡುಗಿ. ಈಗಲೂ ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮ ಕೋಣೆಗೆ ಕರೆಸಿ, ಬಾಗಿಲು ಮುಚ್ಚಿ, ಮೆತ್ತಗೆ ಹೇಳಿದರು.

"ಅಕ್ಕಾ, ಹೀಲಿಯಂ ಸಿಗೋದೇ ಕಷ್ಟ ಆಗಿದೆ. ಆ ಮ್ಯಾಗ್ನೆಟ್ಟಿಗೆ ಇನ್ನು ಒಂದೇ ಸಲ ತುಂಬಿಸಬಹುದು. ಶುದ್ಧ ಹರಳಿನಲ್ಲಿ ಮರುಜೀವ ಬಂದರೆ ನಾನು ಯಾರ ಕಾಲಿಗಾದರೂ ಬಿದ್ದು ಮುಂದುವರಿಸ್ತೀನಿ. ಬರದಿದ್ರೆ ಅದನ್ನ ಇಳಿಸಿ ನಿಲ್ಲಿಸಿಬಿಡಬೇಕು. ನಿಮ್ಮನ್ನ ಉಗ್ರಾಣಕ್ಕೆ ಹಾಕಿಸಿಕೊಡ್ತೀನಿ, ಕೆಲಸಕ್ಕೇನೂ ತೊಂದರೆ ಆಗೋಲ್ಲ."

"ಬರುತ್ತೆ ಮೇಡಂ" ಎಂದಳು ಹರಳಮ್ಮ. "ಈಗ ತಟ್ಟೆಯಲ್ಲಿರೋ ಅಷ್ಟು ತಿಳಿಯಾದ ಹರಳು ಈವರೆಗೆ ಆಗಿಲ್ಲ."

ಅದು ನಿಜ. ಆ ಕೊನೆಯ ಹರಳನ್ನು ಬೆಳಕಿಗೆ ಹಿಡಿದರೆ ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ. ತಿಳಿನೀರಿನ ತುಣುಕಿಗೆ ನೀಲಿ ಬಣ್ಣ ತಾಗಿಸಿದಂತಿತ್ತು. ಅದನ್ನು ದ್ರಾವಣದಿಂದ ಎತ್ತಿದ ದಿನ ಅವಳು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಂಡಳು. ಏನು ಬೇಡಿದಳೋ ಬೇಡಿದವಳಿಗೂ ಕೇಳಿದವನಿಗೂ ಗೊತ್ತು. ಆ ಸಂಜೆ ಮೇಷ್ಟ್ರಿಗೆ ಹರಳನ್ನು ವರ್ಣಿಸಿ ಹೇಳಿದಾಗ ಅವರು ಬಲಗೈ ಎತ್ತಿ ಗಾಳಿಯಲ್ಲಿ ಒಂದು ಗುಡ್ಡ ಬರೆದರು. ಎತ್ತರದ ಗುಡ್ಡ. "ನಾಳೆ ಬಂದು ಹೇಳು" ಎಂದರು. "ನಾನು ಎಚ್ಚರವಾಗೇ ಇರ್ತೀನಿ."

ಮರುದಿನ ಪಂಪಣ್ಣ ಹೀಲಿಯಂ ತುಂಬಿಸಿದ. ಹಂಡೆಯ ಬಾಯಿಂದ ಬಿಳಿಯ ಹಬೆ ನೆಲದ ಮೇಲೆ ಹರಿದಾಡಿತು. ಹರಳಮ್ಮ ಹರಳನ್ನು ಉದ್ದನೆಯ ಸಲಾಕೆಯ ತುದಿಗೆ ಕೂರಿಸಿ ಮೆಲ್ಲಗೆ ಒಳಗಿಳಿಸಿದಳು. ತಣ್ಣಗಾಗಲು ಕಾದರು. ಕ್ಷೇತ್ರ ಏರಿಸಿದರು, ಹಠಾತ್ತನೆ ಇಳಿಸಿದರು. ಪರದೆಯ ಮೇಲೆ ಗೆರೆ ಬಿತ್ತು.

ಬಿದ್ದು ಮಲಗಿತು. ಏಳಲಿಲ್ಲ.

ಮತ್ತೊಮ್ಮೆ ಮಾಡಿದರು. ಕ್ಷೇತ್ರವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ ನೋಡಿದರು. ನೂರಾರು ಸಲದ ಗೆರೆಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರು. ಹಿಂದಿನ ಹರಳುಗಳಲ್ಲಿ ಇದ್ದೂ ಇಲ್ಲದಂತಿದ್ದ ಉಬ್ಬು ಕೂಡ ಇಲ್ಲಿ ಇರಲಿಲ್ಲ. ಗೆರೆ ಒರೆಸಿದ ನೆಲದ ಹಾಗೆ ಮಟ್ಟಸವಾಗಿತ್ತು.

"ಸುರುಳಿ ತಂತಿ ಸಡಿಲ ಆಗಿರಬೇಕು ತಂಗೀ" ಎಂದ ಪಂಪಣ್ಣ. "ಇಲ್ಲಾಂದ್ರೆ ಏನಾದ್ರೂ ಒಂದು ಚೂರಾದ್ರೂ ಕಾಣ್ಬೇಕಿತ್ತಲ್ಲ."

ಅವಳಿಗೂ ಅದೇ ಅನುಮಾನ ಬಂತು. ಸುರುಳಿ ಸರಿಯಾಗಿದೆಯೇ ಎಂದು ನೋಡಲು ಅದೇ ಉಪ್ಪಿನ ಬೇರೊಂದು ತುಣುಕು ಸಾಕು. ಆದರೆ ಹಳೆಯ ಹರಳು ಒಂದೂ ಇಲ್ಲ, ಎಲ್ಲವನ್ನೂ ಕರಗಿಸಿ ಇದೊಂದನ್ನು ಮಾಡಿದ್ದಾಗಿತ್ತು. ಸುತ್ತಮುತ್ತ ನೋಡಿದಳು. ಮೋರಿಯ ಪಕ್ಕದ ಕಪಾಟಿನಲ್ಲಿ ಗಷ್ಟದ ಜಾಡಿ ಇತ್ತು, ವರ್ಷಾನುಗಟ್ಟಲೆ ಕೆರೆದು ಹಾಕಿದ್ದು. ತಳದಲ್ಲಿ ಉಳಿದ ದ್ರಾವಣ ತಾನಾಗಿ ಆರಿ, ಕಂದು ಬಣ್ಣದ ಹೆಕ್ಕಳೆಯ ನಡುವೆ ಒಂದು ಮಂಕು ಹರಳು ಕಟ್ಟಿಕೊಂಡಿತ್ತು. ಅದನ್ನು ಚಿಮುಟದಿಂದ ಎಬ್ಬಿಸಿ ತೆಗೆದಳು. ಅಷ್ಟು ಕೊಳಕಾದದ್ದನ್ನು ಸಲಾಕೆಗೆ ಕೂರಿಸುವಾಗ ಕೈ ಹಿಂಜರಿಯಿತು. ಸುಮ್ಮನೆ ಒಂದು ಪರೀಕ್ಷೆಗೆ ತಾನೆ ಎಂದುಕೊಂಡಳು.

ಕ್ಷೇತ್ರ ಏರಿತು. ಇಳಿಯಿತು. ಗೆರೆ ಬಿತ್ತು, ಮಲಗಿತು, ಎದ್ದಿತು.

ಎದ್ದಿತು ಎಂದರೆ ಸಾಲದು. ಮೊದಲ ದಿನ ಮೇಷ್ಟ್ರನ್ನು ಕುರ್ಚಿಯಿಂದ ಎಬ್ಬಿಸಿದ ಗುಡ್ಡ ಇದರ ಮುಂದೆ ದಿಬ್ಬ. ಪಂಪಣ್ಣ ಹೋ ಎಂದು ಕೂಗಿ, ಹಗ್ಗ ಬಿಗಿದ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಣಿದ.

"ಬಂತು! ತಂಗೀ, ಬಂತಲ್ಲೇ! ಮೇಡಮ್ಮನ್ನ ಕರೀಲಾ? ಟೀ ತರಿಸ್ಲಾ? ಮಾತಾಡೇ!"

ಒಂದು ಗಳಿಗೆ ಅವಳ ಎದೆಯೂ ಹೂವಾಗಿತ್ತು. ಸುಳ್ಳು ಹೇಳಬಾರದು. ಆ ಒಂದು ಗಳಿಗೆ ದೇವರು ಕೇಳಿಸಿಕೊಂಡ ಎಂದೇ ಅವಳಿಗೆ ಅನ್ನಿಸಿತ್ತು. ಮುಂದಿನ ಗಳಿಗೆಯಲ್ಲಿ ಅವಳ ಕಣ್ಣು ಮೇಜಿನ ಮೇಲಿದ್ದ ಶುದ್ಧ ಹರಳಿನ ಕಡೆ ಹೋಯಿತು. ಆಮೇಲೆ ಗಷ್ಟದ ಜಾಡಿಯ ಕಡೆ.

"ಪಂಪಣ್ಣ, ಆ ರಬ್ಬರ್ ಟ್ಯೂಬಿನ ತುದಿ ಹಿಡಿದು ಒಂದು ಸಲ ಒದರಿ."

ಗೋಡೆಯ ಕೊಳಾಯಿಗೆ ಬಿಗಿದ ಉದ್ದನೆಯ ಟ್ಯೂಬು ನೆಲದ ಮೇಲೆ ಬಿದ್ದಿತ್ತು. ಪಂಪಣ್ಣ ಅರ್ಥವಾಗದೆ ಅದರ ತುದಿ ಎತ್ತಿ, ಜಗ್ಗಿ, ಒದರಿದ. ಒಂದು ಅಲೆ ಟ್ಯೂಬಿನುದ್ದಕ್ಕೂ ಓಡಿ ಗೋಡೆಗೆ ಬಡಿದು ಮತ್ತೆ ಅವನ ಕೈಗೇ ಬಂತು.

"ವಾಪಸ್ಸು ಯಾಕೆ ಬಂತು?"

"ಆ ಕಡೆ ಕಟ್ಟಿದೆಯಲ್ಲಮ್ಮ. ಗೋಡೆಗೆ ಬಡಿದು ಬಂತು."

"ಗೋಡೆ ಇಲ್ಲದಿದ್ರೆ? ಟ್ಯೂಬಿಗೆ ಕೊನೆಯೇ ಇಲ್ಲದಿದ್ರೆ?"

"ಹೋದದ್ದು ಹೋಯ್ತು."

"ಹೋದದ್ದು ಹೋಯ್ತು" ಎಂದಳು ಹರಳಮ್ಮ. "ಶುದ್ಧ ಹರಳಿನಲ್ಲಿ ಸಾಲು ಉದ್ದ, ಪಂಪಣ್ಣ. ಕೊನೆಯೇ ಇಲ್ಲ ಅನ್ನೋಷ್ಟು. ಕೊಳೆ ಇರೋ ಕಡೆ ಸಾಲು ತುಂಡಾಗುತ್ತೆ. ಬಿಚ್ಚಿದ ಹೆಣಿಗೆ ಅಲೆಯ ಹಾಗೆ ಓಡಿ, ತುಂಡಿನ ಕೊನೆಗೆ ಬಡಿದು ವಾಪಸ್ಸು ಬರೋದನ್ನೇ ನಾವು ಮರುಜೀವ ಅಂದ್ವಿ. ಹೆಣಿಗೆ ತಾನಾಗಿ ಬದುಕಿ ಬರಲೇ ಇಲ್ಲ. ಗೋಡೆ ಇದ್ದದ್ದರಿಂದ ಬಂತು. ಆ ಗೋಡೆಗಳನ್ನ ನಾನು ತೊಳೆದು ತೊಳೆದು ತೆಗೆದೆ."

"ಮತ್ತೆ ಮೇಷ್ಟ್ರ ಲೆಕ್ಕ?"

ಅದೂ ಅವಳಿಗೆ ಆಗಲೇ ಹೊಳೆದಿತ್ತು. ಮೇಷ್ಟ್ರು ಲೆಕ್ಕ ಹಾಕಿದ ಕಾಲದ ಕಂಪ್ಯೂಟರಿಗೆ ಹತ್ತು ಹನ್ನೆರಡು ಸ್ಪಿನ್ನಿಗಿಂತ ಉದ್ದದ ಸಾಲು ಹಿಡಿಯುತ್ತಿರಲಿಲ್ಲ. ಅವರ ಕಾಗದದ ಮೇಲಿದ್ದದ್ದೂ ತುಂಡು ಸಾಲೇ. ತುಂಡು ಲೆಕ್ಕಕ್ಕೆ ತುಂಡು ಹರಳು ಹೌದು ಹೌದು ಎಂದು ತಲೆಯಾಡಿಸಿತು, ಮೇಷ್ಟ್ರೂ ಅವಳೂ ಅದನ್ನು ಸಾಕ್ಷಿ ಎಂದುಕೊಂಡರು. ಇಬ್ಬರು ಕುರುಡರು ಒಬ್ಬರ ಕೈ ಒಬ್ಬರು ಹಿಡಿದು ದಾರಿ ಸರಿಯಾಗಿದೆ ಎಂದಂತೆ. ಯಾರೂ ಮೋಸ ಮಾಡಿರಲಿಲ್ಲ. ಮೋಸವಾದರೂ ಆಗಿದ್ದರೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಪಂಪಣ್ಣ ಸುತ್ತ ನೋಡಿ ದನಿ ಇಳಿಸಿದ. "ತಂಗೀ, ಒಳಗಿರೋದು ಯಾವ ಹರಳು ಅಂತ ನಿನಗೂ ನನಗೂ ಮಾತ್ರ ಗೊತ್ತು. ಶುದ್ಧದ್ದೇ ಅಂದುಬಿಡು. ಮ್ಯಾಗ್ನೆಟ್ಟು ಉಳಿಯುತ್ತೆ, ನಿನ್ನ ಪದವಿ ಬರುತ್ತೆ, ಆ ಮುದುಕರು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾರೆ. ಯಾರಿಗೇನು ನಷ್ಟ?"

ಅವನು ಹೇಳಿದ್ದರಲ್ಲಿ ಅವಳಿಗೂ ಆಸೆ ಇತ್ತು. ಸಲಾಕೆ ಮೇಲೆತ್ತಿದಳು. ಮಂಕು ಹರಳನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡು ಮುಖ್ಯಸ್ಥೆಯ ಕೋಣೆಗೆ ನಡೆದಳು. ನಡೆಯುವಾಗ ಒಂದೆರಡು ಕಡೆ ನಿಂತಳು. ಆದರೂ ಹೋದಳು.

ಮುಖ್ಯಸ್ಥೆ ಎಲ್ಲವನ್ನೂ ಕೇಳಿದರು. ಗೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನಾದ್ರೂ ಬರೆಯಬಹುದಾ ಮೇಡಂ? ಕೊಳೆಯಿಂದ ಬಂದದ್ದು ಅಂತ?"

"ತುಂಡು ಸಾಲಿನ ಕೊನೆಗೆ ಬಡಿದು ವಾಪಸ್ಸು ಬರುತ್ತೆ ಅನ್ನೋದು ಈಗ ಎಲ್ಲರಿಗೂ ಗೊತ್ತಿರೋ ವಿಷಯ ಅಕ್ಕಾ" ಎಂದರು ಅವರು. "ಪಾಠದ ಪುಸ್ತಕದಲ್ಲೇ ಇದೆ. ಇಷ್ಟು ವರ್ಷ ನೀವು..." ಎಂದು ಶುರುಮಾಡಿದ ಮಾತನ್ನು ಅಲ್ಲಿಗೇ ಬಿಟ್ಟು, ಎದ್ದು ಬಂದು ಅವಳ ಭುಜದ ಮೇಲೆ ಕೈ ಇಟ್ಟರು. ಬೈದಿದ್ದರೆ ಹರಳಮ್ಮ ತಡೆದುಕೊಳ್ಳುತ್ತಿದ್ದಳು. ಆ ಕೈಯನ್ನು ತಡೆದುಕೊಳ್ಳಲಾಗಲಿಲ್ಲ.

ಮಧ್ಯಾಹ್ನದ ಮೇಲೆ ಮ್ಯಾಗ್ನೆಟ್ಟನ್ನು ಇಳಿಸಿದರು. ವಿದ್ಯುತ್ತನ್ನು ಹಂತಹಂತವಾಗಿ ಕಡಿಮೆ ಮಾಡಿ ಸೊನ್ನೆಗೆ ತಂದು, ಪಂಪಣ್ಣ ಒಂದೊಂದೇ ಪಂಪನ್ನು ನಿಲ್ಲಿಸುತ್ತ ಬಂದ. ಹೀಲಿಯಂ ಕುದಿದು ಆವಿಯಾಗಿ ಚಾವಣಿಯ ಕೊಳವೆಯಿಂದ ಹೊರಗೆ ಹೋಯಿತು. ಕೊನೆಯ ಪಂಪು ನಿಂತಾಗ ಆ ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಅಲ್ಲೊಂದು ಗಡಿಯಾರ ಓಡುತ್ತಿದೆ ಎಂಬುದೇ ಇಬ್ಬರಿಗೂ ಮರೆತುಹೋಗಿತ್ತು.

ಮೇಷ್ಟ್ರ ಮನೆಗೆ ಹೋಗದೆ ನೇರ ಬಸ್ಸು ಹತ್ತಿಬಿಡಲೇ ಎಂದು ಹರಳಮ್ಮ ಬಹಳ ಹೊತ್ತು ಯೋಚಿಸಿದಳು. ಎಚ್ಚರವಾಗೇ ಇರ್ತೀನಿ ಎಂದಿದ್ದರು. ಹೋದಳು.

ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ತಲೆ ಬಾಚಿತ್ತು, ಅಂಗಿ ಒಗೆದದ್ದು. "ಬೆಳಗ್ಗಿಂದ ಹೀಗೇ ಕೂತಿದಾರೆ" ಎಂದು ಅಮ್ಮ ಪಿಸುಗುಟ್ಟಿ, ಬಾಗಿಲಿಗೆ ಒರಗಿ ನಿಂತರು.

"ಎಷ್ಟು ಎತ್ತರ ಬಂತು?" ಮೇಷ್ಟ್ರು ಕೇಳಿದರು.

ಅವಳು ಕುರ್ಚಿ ಎಳೆದುಕೊಂಡಳು. ಏನೂ ಮುಚ್ಚಿಡದೆ ಹೇಳಿದಳು. ಶುದ್ಧ ಹರಳಿನಲ್ಲಿ ಮಟ್ಟಸವಾದ ಗೆರೆ ಬಂದದ್ದು, ಜಾಡಿಯ ಹರಳಿನಲ್ಲಿ ಗುಡ್ಡ ಎದ್ದದ್ದು, ಟ್ಯೂಬಿನ ಅಲೆ, ತುಂಡು ಸಾಲು. ಅವರ ಲೆಕ್ಕದ ಮಾತು ಬಂದಾಗ ಅದನ್ನೂ ಹೇಳಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೂ ತೆರೆಯಲಿಲ್ಲ. ನಿದ್ದೆ ಹೋದರೇನೋ ಎಂದು ಅವಳು ಬಗ್ಗಿ ನೋಡಿದಳು.

"ಕೊಳೆ ಇರೋದನ್ನ ಯಾಕೆ ಒಳಗೆ ಹಾಕ್ದೆ?"

"ಸರ್?"

"ನನ್ನ ಮ್ಯಾಗ್ನೆಟ್ಟಿಗೆ ಗಷ್ಟ ಹಾಕಿದೀಯ." ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಮರೆತ ವಿದ್ಯಾರ್ಥಿಗೆ ತಿದ್ದುವ ಹಾಗಿತ್ತು. "ಅದರಲ್ಲಿ ಏನು ಬಂದರೂ ಲೆಕ್ಕಕ್ಕಿಲ್ಲ. ಶುದ್ಧದ್ದರಲ್ಲಿ ಬರಲಿಲ್ಲ ಅಂದ್ರೆ ಅದಿನ್ನೂ ಶುದ್ಧ ಆಗಿಲ್ಲ. ಇನ್ನೊಂದು ಸಲ ಸೋಸು."

"ಸರ್, ಅದಕ್ಕಿಂತ ಶುದ್ಧ..."

"ಅವಸರ ಮಾಡ್ಬೇಡ. ನಿಧಾನವಾಗಿ ಸೋಸು. ನಿನ್ನ ಕೈಯಲ್ಲಿ ಆಗದೆ ಇನ್ಯಾರ ಕೈಯಲ್ಲಿ ಆಗುತ್ತೆ?"

ಅವರಿಗೆ ಅರ್ಥವಾಗಲಿಲ್ಲವೋ, ಅರ್ಥವಾದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವೋ ಅವಳಿಗೆ ತಿಳಿಯಲಿಲ್ಲ. ಅವರ ಮುಖವನ್ನು ಇಷ್ಟು ವರ್ಷ ನೋಡಿದವಳಿಗೇ ತಿಳಿಯಲಿಲ್ಲ ಎಂದ ಮೇಲೆ ಬೇರೆಯವರಿಗೆ ತಿಳಿಯುವ ಮಾತಲ್ಲ. ಮ್ಯಾಗ್ನೆಟ್ಟು ಇಳಿಸಿಯಾಯಿತು ಎಂಬುದೊಂದು ಹೇಳುವುದು ಉಳಿದಿತ್ತು. ಬಾಯಿಯವರೆಗೂ ಬಂತು.

"ಆಗಲಿ ಸರ್" ಎಂದಳು.

ಮೇಷ್ಟ್ರು ಸಮಾಧಾನದಿಂದ ತಲೆಯನ್ನು ದಿಂಬಿಗೆ ಆನಿಸಿದರು. "ನಾಳೆ ಬಂದು ಹೇಳು" ಎಂದರು.

ಅಮ್ಮ ಅವಳ ಹಿಂದೆಯೇ ಹೊರಬಾಗಿಲವರೆಗೆ ಬಂದರು. ಒಳಗೆ ಕೇಳಿಸದಂತೆ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡರು.

"ಇನ್ನೊಂದು ಸಲ ಮಾಡೋಕಾಗುತ್ತಾ?"

"ಎಲ್ಲಿ ಮಾಡ್ಲಿ ಅಮ್ಮಾ? ಎಲ್ಲಾ ನಿಲ್ಲಿಸಿಬಿಟ್ರು. ನಾಳೆಯಿಂದ ನಾನು ಉಗ್ರಾಣದಲ್ಲಿ."

ಅಮ್ಮ ರಸ್ತೆಯ ಕಡೆ ನೋಡಿದರು. ಎದುರು ಮನೆಯವರು ಕಿಟಕಿಯ ಬಾಗಿಲು ಹಾಕುತ್ತಿದ್ದರು.

"ಹಾಗಾದ್ರೆ ನಾಳೆ ಬರಬೇಡಮ್ಮ" ಎಂದರು. "ಬಂದ್ರೆ ಕೇಳ್ತಾರೆ. ನೀನು ಸುಳ್ಳು ಹೇಳೋಳಲ್ಲ. ನಾನು ಏನಾದ್ರೂ ಹೇಳ್ಕೋತೀನಿ, ಹರಳು ಬೆಳೀತಾ ಇದೆಯಂತೆ ಅಂತ."

"ಆಮೇಲೆ ಯಾವಾಗ ಬರ್ಲಿ ಅಮ್ಮಾ?"

ಆಕೆ ಅವಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟು ಒಳಗೆ ಹೋದರು. ಹರಳಮ್ಮ ಮೆಟ್ಟಿಲ ಪಕ್ಕ ಬಿಟ್ಟಿದ್ದ ಚಪ್ಪಲಿ ಹಾಕಿಕೊಂಡಳು, ತಿರುಗಿ ನೋಡದೆ ಬಸ್ಸು ನಿಲ್ಲುವ ಕಡೆ ನಡೆದಳು.